ಅಮ್ಮನ ಬಿಪಿ ಮಿಷಿನ್‌ನಲ್ಲಿ ಸಿಕ್ಕ ಅಂಕಿಗಳು: ವಯಸ್ಕರ ಎಡಿಎಚ್‌ಡಿ ಮಾತ್ರೆಯ ಅಡ್ಡಪರಿಣಾಮ, ಒಂದು ಪ್ರಕರಣ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿಗಳಿಗೆ ಲೆಕ್ಕ ಬರೆಯುವವರು ಎಷ್ಟೋ ಜನ ಇದ್ದಾರೆ. ರೈಟರ್ ಅಂತಾರೆ ಅವರನ್ನು. ಅಷ್ಟು ಜನರಲ್ಲಿ ಒಬ್ಬರನ್ನು ಗುರುತು ಹಿಡಿಯೋದು ಕಷ್ಟ. ಹಾಗಾಗಿ ಕಸುಬನ್ನು ಇದ್ದ ಹಾಗೇ ಬಿಟ್ಟಿದ್ದೇನೆ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಗಿರೀಶ್ ಅಂತ ಇಟ್ಟುಕೊಳ್ಳೋಣ. ವಯಸ್ಸು ಮೂವತ್ತೈದರ ಆಸುಪಾಸು. ಮನೆಯಲ್ಲಿ ಅಮ್ಮ, ಹೆಂಡತಿ, ಮೂರನೇ ಕ್ಲಾಸಿನ ಮಗ.

ಅವರು ತೋರಿಸಿಕೊಳ್ಳುತ್ತಿದ್ದ ಕ್ಲಿನಿಕ್ಕಿನಲ್ಲಿ ನಾನು ಆಪ್ತಸಮಾಲೋಚಕಿ. ಮಾತ್ರೆ ಬರೆಯುವುದು ಡಾಕ್ಟರ ಕೆಲಸ. ಮಾತ್ರೆ ತಗೊಂಡ ಮೇಲೆ ಹೇಗಿದೆ ಅಂತ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ಎಡವಿದ್ದು ಬಹುಪಾಲು ಆ ಕೇಳುವ ಕೆಲಸದಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ. ಗಿರೀಶ್ ಒಪ್ಪಿಗೆ ಕೊಟ್ಟಿದ್ದಾರೆ, ಓದಿಯೂ ಇದ್ದಾರೆ.

ಹಿನ್ನೆಲೆ: ತಪ್ಪು ಬಿದ್ದ ಪಟ್ಟಿ

2023ರ ಜುಲೈ ಕೋಲಾರದವರಿಗೆ ಮರೆಯುವಂಥದ್ದಲ್ಲ. ಟೊಮೆಟೊ 15 ಕೆಜಿ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಒಂದು ದಿನ ಗಿರೀಶ್ ಒಬ್ಬ ರೈತರ 40 ಬಾಕ್ಸಿನ ಪಟ್ಟಿ ಬರೆದರು. ಹರಾಜಿನಲ್ಲಿ ಕೂಗಿದ್ದು 2,150. ಪಟ್ಟಿಯಲ್ಲಿ ಬಿದ್ದಿದ್ದು 1,250. ಮಾಲು ಟೆಂಪೊದಲ್ಲಿ ಬಂದಿತ್ತು, ರೈತರು ಎದುರಿಗೆ ಇರಲಿಲ್ಲ. ಪಕ್ಕದ ಹೊಲದವನಿಂದ ರೇಟು ಗೊತ್ತಾಗಿ ಸಂಜೆ ಮಂಡಿಗೆ ಬಂದು ಗಲಾಟೆ ಮಾಡಿದರು. ಲೆಕ್ಕ ಹಾಕಿದರೆ 36,000 ರೂಪಾಯಿ ವ್ಯತ್ಯಾಸ. ಮಂಡಿ ಸಾಹುಕಾರರು ದುಡ್ಡು ಕೊಟ್ಟು ಕಳಿಸಿದರು. ಆಮೇಲೆ ಗಿರೀಶ್ ಕಡೆ ತಿರುಗಿ ಒಂದೇ ಮಾತು ಕೇಳಿದರಂತೆ: "ಮರೆತೆಯೋ, ಮುಚ್ಚಿಟ್ಟೆಯೋ?"

ಆ ಮಾತು ಇವರಿಗೆ ಒಳಗೆ ಇಳಿದುಬಿಟ್ಟಿತು. ಯಾಕಂದರೆ ಮರೆಯೋದು ಇವರಿಗೆ ಹೊಸದಲ್ಲ. ಗಾಡಿ ಕೀ, ಗ್ಯಾಸ್ ಪುಸ್ತಕ, ಮಗನನ್ನು ಶಾಲೆಯಿಂದ ಕರೆತರುವ ಹೊತ್ತು, ಎಲ್ಲಾ ಮರೆತಿದ್ದಾರೆ. ಕಳ್ಳ ಅನ್ನಿಸಿಕೊಂಡಿದ್ದು ಮಾತ್ರ ಅದೇ ಮೊದಲು.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಆ ಪದ ಮನೆಗೆ ಬಂದಿದ್ದು ಮಗನ ಮೂಲಕ. ಶಾಲೆಯವರು ಹೇಳಿದರು ಅಂತ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ, ಅಲ್ಲಿನ ಡಾಕ್ಟರು ಮಗನನ್ನು ಬಿಟ್ಟು ಅಪ್ಪನನ್ನೇ ನೋಡತೊಡಗಿದರು. ಐದು ನಿಮಿಷದಲ್ಲಿ ಅಪ್ಪ ಮೂರು ಸಲ ಎದ್ದು ಕೂತಿದ್ದರು. ಇದು ವಂಶದಲ್ಲಿ ಬರುವುದು ಜಾಸ್ತಿ. ಮಕ್ಕಳನ್ನು ತೋರಿಸಲು ಬಂದು ತಮ್ಮದೇ ಕಥೆ ಕೇಳಿಸಿಕೊಂಡು ಹೋಗುವ ಅಪ್ಪ ಅಮ್ಮಂದಿರು ನಮ್ಮಲ್ಲೂ ಬರುತ್ತಾರೆ.

ವಯಸ್ಕರಿಗೆ ಎಡಿಎಚ್‌ಡಿ ಅಂತ ಹೇಳಬೇಕಾದರೆ ಹನ್ನೆರಡು ವರ್ಷಕ್ಕೆ ಮುಂಚೆಯೇ ಅದರ ಗುರುತುಗಳು ಇರಬೇಕು. ಹಾಗಾಗಿ ಅಮ್ಮನನ್ನು ಕರೆಸಿದೆವು. ಅವರು ಹೇಳಿದ್ದು ಇಷ್ಟು: "ಸ್ಲೇಟು ತಿಂಗಳಿಗೊಂದು ಬೇಕಿತ್ತು ಕಣಮ್ಮ. ಒಂದ್ಸಲ ಚೀಲಾನೂ ಬಿಟ್ಟು, ಚಪ್ಲೀನೂ ಬಿಟ್ಟು ಬಂದಿದ್ದ. ತಾನೊಬ್ಬ ಬಂದಿದ್ನಲ್ಲ ಅಂತ ಸುಮ್ನಾದೆ."

ಮಾತ್ರೆ ಶುರುವಾಗಿದ್ದು

ನಮ್ಮ ದೇಶದಲ್ಲಿ ಎಡಿಎಚ್‌ಡಿಗೆ ಸಿಗುವ ಉತ್ತೇಜಕ ಔಷಧಿ ಅಂದರೆ ಮುಖ್ಯವಾಗಿ ಮೀಥೈಲ್‌ಫೆನಿಡೇಟ್. ಮೆದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ಎರಡು ರಾಸಾಯನಿಕ ಬೇಗ ಖಾಲಿಯಾಗದ ಹಾಗೆ ಇದು ತಡೆಯುತ್ತದೆ. ಗಮನ ನಿಲ್ಲುತ್ತದೆ. ಅದೇ ನಾರ್‌ಅಡ್ರಿನಲಿನ್ ಎದೆಬಡಿತವನ್ನೂ ಬಿಪಿಯನ್ನೂ ಸ್ವಲ್ಪ ಏರಿಸುತ್ತದೆ.

ಶುರು ಮಾಡುವ ಮುಂಚೆ ಡಾಕ್ಟರು ಇಸಿಜಿ ಮಾಡಿಸಿದರು. ಥೈರಾಯ್ಡ್ ನೋಡಿದರು. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ, ಚಿಕ್ಕ ವಯಸ್ಸಿಗೇ ದಿಢೀರ್ ಅಂತ ಹೋದವರಿದ್ದಾರಾ ಅಂತ ಕೇಳಿದರು. ಅಮ್ಮನಿಗೆ ಬಿಪಿ ಇದೆ, ಅಷ್ಟೇ. ಅವತ್ತಿನ ಅಂಕಿ: ತೂಕ 61 ಕೆಜಿ, ಬಿಪಿ 122/80, ಪಲ್ಸ್ 76. ನವೆಂಬರಿನಲ್ಲಿ 5 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಎರಡು ವಾರದ ಮೇಲೆ 10 ಮಿಲಿಗ್ರಾಂ ಎರಡು ಸಲ. (ಇಲ್ಲಿರುವ ಡೋಸು ಇವರೊಬ್ಬರದು. ಇದನ್ನು ನೋಡಿ ಯಾರೂ ತಮ್ಮದನ್ನು ಹೆಚ್ಚು ಕಮ್ಮಿ ಮಾಡಿಕೊಳ್ಳಬೇಡಿ.)

ಮೂರನೇ ವಾರ ಗಿರೀಶ್ ಬಂದಾಗ ಕುರ್ಚಿಯಲ್ಲಿ ಒರಗಿ ಕೂತಿದ್ದರು. ಅಲ್ಲಿಯವರೆಗೆ ತುದಿಯಲ್ಲೇ ಕೂರುತ್ತಿದ್ದ ಮನುಷ್ಯ. "ತಲೇಲಿ ಒಂದೇ ರೇಡಿಯೊ ಓಡ್ತಿದೆ ಮೇಡಂ, ಮುಂಚೆ ನಾಲ್ಕು ಓಡ್ತಿತ್ತು" ಅಂದರು. ಡಿಸೆಂಬರಿನಲ್ಲಿ ಒಂದು ಪಟ್ಟಿಯೂ ತಪ್ಪಾಗಲಿಲ್ಲ. ಸಾಹುಕಾರರು ಕೀ ಗೊಂಚಲು ವಾಪಸ್ ಕೊಟ್ಟರು. ಈ ಖುಷಿಯನ್ನು ಮರೆಯಬೇಡಿ, ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ.

ಎರಡನೇ ಮಾತ್ರೆ ಮಾತ್ರ ವಾರದಲ್ಲಿ ನಾಲ್ಕು ದಿನ ಮರೆತುಹೋಗುತ್ತಿತ್ತು. ಮರೆವಿಗೆ ಕೊಟ್ಟ ಮಾತ್ರೆಯನ್ನೇ ಮರೆಯೋದು ನಮ್ಮ ಕ್ಲಿನಿಕ್ಕಿನ ಹಳೇ ಜೋಕು. ಜನವರಿಯಲ್ಲಿ ಡಾಕ್ಟರು ನಿಧಾನವಾಗಿ ಬಿಡುವ 20 ಮಿಲಿಗ್ರಾಂ ಮಾತ್ರೆಗೆ ಬದಲಾಯಿಸಿದರು. ಬೆಳಿಗ್ಗೆ ಒಂದು, ಅಷ್ಟೇ.

ಹೇಳಿಕೊಂಡ ತೊಂದರೆಗಳು

ಜನವರಿಯಿಂದ ಏಪ್ರಿಲ್‌ವರೆಗೆ ನನ್ನ ಪುಸ್ತಕದಲ್ಲಿ ಮೂರು ದೂರು ಮತ್ತೆ ಮತ್ತೆ ಬರುತ್ತವೆ. ಹಸಿವಿಲ್ಲ. ನಿದ್ದೆ ಬರಲ್ಲ. ಸಂಜೆ ಸಿಟ್ಟು.

ಹಸಿವಿನದು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಗಿರೀಶ್ ಬೆಳಿಗ್ಗೆ ಆರೂವರೆಗೆ ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಏಳೂವರೆಗೆ ಮಂಡಿ ಸೇರುತ್ತಿದ್ದರು. ಹತ್ತಕ್ಕೆ ಎಲ್ಲರ ಜೊತೆ ತಿಂಡಿಗೆ ಕೂತರೆ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್. ಏಪ್ರಿಲ್‌ನಲ್ಲಿ ತೂಕ 56.5. ನಾಲ್ಕೂವರೆ ಕೆಜಿ ಹೋಗಿತ್ತು. "ಮನೇಲಿ ಊಟ ಹಾಕ್ತಿಲ್ವೇನೋ" ಅಂತ ಊರಲ್ಲಿ ಕೇಳ್ತಾರೆ ಅನ್ನೋದು ಹೆಂಡತಿಯ ದೊಡ್ಡ ಬೇಜಾರು.

ನಾವು ಮಾಡಿದ್ದು ಸರಳ. ಹಸಿವನ್ನು ಕಾಯೋದು ಬಿಡಿ, ಗಡಿಯಾರ ನೋಡಿ ತಿನ್ನಿ ಅಂದೆವು. ಆರು ಗಂಟೆಗೆ, ಮಾತ್ರೆಗೆ ಮುಂಚೆ, ಹೊಟ್ಟೆ ತುಂಬ ತಿನ್ನಬೇಕು. ಮೊದಲು ಉಪ್ಪಿಟ್ಟು, ಚಿತ್ರಾನ್ನ ಮಾಡಿ ನೋಡಿದರು. ಕೊನೆಗೆ ಗೆದ್ದಿದ್ದು ಮುದ್ದೆ. ರಾತ್ರಿಯ ಬಸ್ಸಾರಿಗೆ ಬೆಳಿಗ್ಗೆ ಒಂದು ಬಿಸಿ ಮುದ್ದೆ. "ಮುದ್ದೆಯಾದ್ರೆ ಅಗಿಯೋದೇ ಬೇಡ, ನುಂಗಿದ್ರಾಯ್ತು" ಅನ್ನೋದು ಗಿರೀಶ್ ಕೊಟ್ಟ ಕಾರಣ. ನಗುವಂಥದ್ದಲ್ಲ ಅದು. ಈ ಮಾತ್ರೆಗೆ ಬಾಯಿ ಒಣಗುತ್ತದೆ, ಒಣ ತಿಂಡಿ ನಿಜವಾಗಲೂ ಇಳಿಯೋದಿಲ್ಲ. ಮಧ್ಯಾಹ್ನ ಮೊಸರನ್ನ ನಾಲ್ಕು ತುತ್ತು, ಒಂದು ಬಾಳೆಹಣ್ಣು, ಜೇಬಿನಲ್ಲಿ ಕಡಲೆಕಾಯಿ ಮಿಠಾಯಿ. ಮಾತ್ರೆ ಇಳಿದ ಮೇಲೆ ರಾತ್ರಿ ಒಂಬತ್ತಕ್ಕೆ ಪೂರ್ತಿ ಊಟ. ಮೇ ಕೊನೆಗೆ 58 ಆಯಿತು.

ಸಂಜೆಯ ಸಿಟ್ಟು ಇದಕ್ಕಿಂತ ಕಷ್ಟದ್ದು. ನಾಲ್ಕೂವರೆ ಐದರ ಹೊತ್ತಿಗೆ ಮಾತ್ರೆಯ ಪ್ರಭಾವ ಇಳಿಯುತ್ತದೆ. ಇಳಿಯುವಾಗ ಕೆಲವರಿಗೆ ಮುಂಚೆ ಇದ್ದುದಕ್ಕಿಂತ ಹೆಚ್ಚು ಚಡಪಡಿಕೆ, ರೇಗಾಟ. ಅದೇ ಹೊತ್ತಿಗೆ ಮಗ ಶಾಲೆಯಿಂದ ಬರುತ್ತಾನೆ. ಅವನೂ ಅಪ್ಪನ ಮಗನೇ ಅಲ್ವಾ, ಬರುವಾಗಲೇ ಬ್ಯಾಗು ಒಂದು ಕಡೆ, ಶೂ ಒಂದು ಕಡೆ. ಮಾರ್ಚಿನ ಒಂದು ಸಂಜೆ ಗಿರೀಶ್ ಅವನ ಜಾಮೆಟ್ರಿ ಬಾಕ್ಸು ಗೋಡೆಗೆ ಎಸೆದರು. ಆಮೇಲೆ ತಾವೇ ಕೂತು ಕೈವಾರದ ಮುಳ್ಳು ಹುಡುಕುತ್ತಿದ್ದರಂತೆ, ಮಗ ಬಾಗಿಲ ಹಿಂದೆ ನಿಂತು ನೋಡುತ್ತಿದ್ದನಂತೆ.

ಇದಕ್ಕೆ ಮಧ್ಯಾಹ್ನ ಮೂರಕ್ಕೆ 5 ಮಿಲಿಗ್ರಾಂ ಸಾದಾ ಮಾತ್ರೆ ಸೇರಿಸಿ ನೋಡಿದರು ಡಾಕ್ಟರು. ಸಿಟ್ಟು ಹೋಯಿತು. ನಿದ್ದೆಯೂ ಹೋಯಿತು, ಎರಡು ಗಂಟೆವರೆಗೆ ಕಣ್ಣು ಬಿಟ್ಟುಕೊಂಡು ಮಲಗುವಂತಾಯಿತು. ಆರನೇ ದಿನಕ್ಕೆ ಅದನ್ನು ಬಿಟ್ಟರು. ಆಮೇಲೆ ಫಲ ಕೊಟ್ಟಿದ್ದು ಮಾತ್ರೆಯೇ ಅಲ್ಲದ್ದು. ಮಂಡಿಯಿಂದ ನೇರ ಮನೆಗೆ ಬರೋದು ಬೇಡ, ಏನಾದರೂ ತಿಂದು, ಅಂತರಗಂಗೆ ಬೆಟ್ಟದ ಕಡೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೂತು ಬನ್ನಿ ಅಂದೆವು. ಹೆಂಡತಿ ಒಂದು ನಿಯಮ ಸೇರಿಸಿದರು: ಆರು ಗಂಟೆವರೆಗೆ ಮಗನ ಹೋಮ್‌ವರ್ಕ್ ಮಾತು ಎತ್ತಬಾರದು.

ಇಷ್ಟು ಹೊತ್ತಿಗೆ ನನಗೆ ಪ್ರಕರಣ ಚೆನ್ನಾಗಿ ನಡೀತಿದೆ ಅನ್ನಿಸಿತ್ತು. ಪ್ರತಿ ಸಲವೂ ಬಿಪಿ ನೋಡುತ್ತಿದ್ದೆವು. 122, 124, 120. ಪಲ್ಸ್ ಎಂಬತ್ತರ ಒಳಗೆ. "ಬೇರೆ ಏನಾದ್ರೂ ಇದೆಯಾ?" ಅಂತ ಕೇಳುತ್ತಿದ್ದೆ. "ಏನಿಲ್ಲ ಮೇಡಂ." ಬರೆದುಕೊಳ್ಳುತ್ತಿದ್ದೆ.

ಹೇಳಿಕೊಳ್ಳದ ತೊಂದರೆ

ಮೇನಲ್ಲಿ ಟೊಮೆಟೊ ಸೀಸನ್ ಹತ್ತಿರ ಬಂತು. ಮಾಲು ಜಾಸ್ತಿ, ಪಟ್ಟಿ ಜಾಸ್ತಿ. ಗಮನ ಸಾಲುತ್ತಿಲ್ಲ ಅಂತ ಗಿರೀಶ್ ಹೇಳಿದ ಮೇಲೆ ಡಾಕ್ಟರು 30ಕ್ಕೆ ಏರಿಸಿದರು. 20ರದು ಒಂದು, 10ರದು ಒಂದು, ಎರಡೂ ನಿಧಾನವಾಗಿ ಬಿಡುವ ಮಾತ್ರೆ.

ಜೂನಿನ ಒಂದು ಬುಧವಾರ ಗಿರೀಶ್ ಹೆಂಡತಿ ಒಬ್ಬರೇ ಬಂದರು. ಕೈಯಲ್ಲಿ ವೈರ್ ಬ್ಯಾಗು, ಅದರೊಳಗೆ ಬಿಪಿ ಮಿಷಿನ್. ಅತ್ತೆಯದು.

"ಮೇಡಂ, ಇದು ಕೆಟ್ಟಿದೆಯಾ ಸ್ವಲ್ಪ ನೋಡಿ. ಅತ್ತೆಗೆ ಪಲ್ಸ್ ಯಾವಾಗ್ಲೂ ಎಪ್ಪತ್ತು ಚಿಲ್ಲರೆ. ಇದ್ರಲ್ಲಿ ನೂರ ಹದಿನೆಂಟು ಅಂತ ತೋರಿಸ್ತಿದೆ. ಅತ್ತೆ ಆ ಹೊತ್ತಲ್ಲಿ ಮಿಷಿನ್ನೇ ಮುಟ್ಟಿಲ್ಲ ಅಂತಾರೆ. ಮೊನ್ನೆ ಎರಡು ದಿನ ಇದು ಮನೇಲೇ ಇರ್ಲಿಲ್ಲ."

ಮೆಮೊರಿ ಬಟನ್ ಒತ್ತಿ ಹಿಂದಕ್ಕೆ ಹೋದೆ. ಬೆಳಿಗ್ಗೆ ಏಳು, ಸಂಜೆ ಏಳು, ಅದು ಅಮ್ಮನದು. ನಡುನಡುವೆ ಬೇರೆ ಅಂಕಿ. 10:40ಕ್ಕೆ 148/96, ಪಲ್ಸ್ 118. 10:52ಕ್ಕೆ 146/94, ಪಲ್ಸ್ 116. ಮಾರನೇ ದಿನ 11:05ಕ್ಕೆ 150/96. ಹನ್ನೆರಡು ನಿಮಿಷಕ್ಕೆ ಎರಡು ಸಲ ನೋಡಿಕೊಂಡಿದ್ದಾರೆ ಅಂದರೆ ಹೆದರಿದ್ದಾರೆ ಅಂತಾನೇ ಅರ್ಥ. ಭಾನುವಾರ ಒಂದೂ ಇಲ್ಲ.

ನನ್ನ ಪುಸ್ತಕ ತೆಗೆದು ಪಕ್ಕದಲ್ಲಿಟ್ಟೆ. ಎರಡು ವಾರದ ಹಿಂದೆ ನಾನೇ ಬರೆದಿದ್ದು: 124/80, ಪಲ್ಸ್ 78. ಹೊತ್ತು, ಸಂಜೆ 5:30. ಅದಕ್ಕೆ ಮುಂಚಿನದೂ 5:30. ಅದಕ್ಕೂ ಮುಂಚಿನದು 5:45. ಮಂಡಿ ಮುಗಿಸಿ ಬರುವವರು, ಸಂಜೆಯೇ ಬರುತ್ತಾರೆ. ಅಷ್ಟು ಹೊತ್ತಿಗೆ ಮಾತ್ರೆ ಇಳಿದಿರುತ್ತದೆ. ಆರು ತಿಂಗಳಿಂದ ನಾವು ಮಾತ್ರೆ ಇಲ್ಲದ ಗಿರೀಶ್ ಬಿಪಿ ನೋಡಿ ಮಾತ್ರೆ ಚೆನ್ನಾಗಿ ಹೊಂದುತ್ತಿದೆ ಅಂತ ಬರೆದುಕೊಂಡಿದ್ದೆವು.

ಅವತ್ತೇ ಫೋನ್ ಮಾಡಿ ಕರೆಸಿದೆ. ಮಿಷಿನ್ ಮೇಜಿನ ಮೇಲೆ ಇಟ್ಟಿದ್ದೆ. ನೋಡಿದರು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಂದರು, "ಹೇಳಿದ್ರೆ ನಿಲ್ಲಿಸಿಬಿಡ್ತೀರ. ನಿಲ್ಲಿಸಿದ್ರೆ ಇನ್ನೊಂದು ಪಟ್ಟಿ ತಪ್ಪಾಗುತ್ತೆ. ಈ ಸಲ ಮರೆತೆಯಾ ಅಂತ ಯಾರೂ ಕೇಳಲ್ಲ ಮೇಡಂ."

ಹಸಿವಿಲ್ಲ ಅಂದರೆ ಊಟದ ಸಲಹೆ ಸಿಗುತ್ತದೆ. ಸಿಟ್ಟು ಅಂದರೆ ಸಮಾಧಾನ ಸಿಗುತ್ತದೆ. ಎದೆ ಹೊಡ್ಕೊಳ್ಳುತ್ತೆ ಅಂದರೆ ಮಾತ್ರೆ ಹೋಗುತ್ತದೆ. ಅದಕ್ಕೇ ಮೊದಲ ಎರಡನ್ನು ಹೇಳಿ ಮೂರನೆಯದನ್ನು ಅಮ್ಮನ ಮಿಷಿನ್‌ಗೆ ಮಾತ್ರ ಹೇಳಿದ್ದರು.

ಒಂದೊಂದಾಗಿ ಬಿಡಿಸಿದ್ದು

ಡಾಕ್ಟರು ಅದೇ ಸಂಜೆ ಇಸಿಜಿ ಮಾಡಿಸಿದರು, ಫಿಸಿಶಿಯನ್ ಹತ್ತಿರ ತೋರಿಸಿದರು. ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಎದೆನೋವು, ತಲೆಸುತ್ತು ಬಂದು ಬೀಳೋದು, ಉಸಿರು ಕಟ್ಟೋದು, ಯಾರೋ ಹಿಂದೆ ಬಿದ್ದಿದ್ದಾರೆ ಅನ್ನುವ ಅನುಮಾನ, ಇವು ಇವೆಯಾ ಅಂತ ಒಂದೊಂದೇ ಕೇಳಿದರು. ಇರಲಿಲ್ಲ. ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು. ಮಾತ್ರೆ ಐದು ದಿನ ನಿಲ್ಲಿಸಿ ಅಂದರು.

ಆಮೇಲೆ ಕೇಳಿದ ಪ್ರಶ್ನೆ ನನಗೆ ಪಾಠವಾಯಿತು. "ಮಾತ್ರೆ ಹೇಗೆ ತಗೋತೀರ, ನನಗೆ ಮಾಡಿ ತೋರಿಸಿ." ಎಷ್ಟು ತಗೋತೀರ ಅಂತ ನಾನು ಹತ್ತು ಸಲ ಕೇಳಿದ್ದೆ. ಹೇಗೆ ಅಂತ ಕೇಳಿರಲಿಲ್ಲ. ಗಿರೀಶ್ ಬಾಯಿಗೆ ಹಾಕಿಕೊಳ್ಳುವ ಹಾಗೆ ಕೈ ಮಾಡಿ, ಹಲ್ಲು ಕಚ್ಚಿ ತೋರಿಸಿದರು.

"ಅಗಿದು ನುಂಗ್ತೀರಾ?"

"ಹೂಂ ಸಾರ್. ಹಂಗೇ ನುಂಗಿದ್ರೆ ಹಿಡಿಯೋಕೆ ಹೊತ್ತಾಗುತ್ತೆ. ನಾನು ಹೋಗೋಷ್ಟರಲ್ಲಿ ಹರಾಜು ಕೂಗಕ್ಕೆ ಶುರು ಮಾಡಿರ್ತಾರೆ."

ನಿಧಾನವಾಗಿ ಬಿಡುವ ಮಾತ್ರೆಯನ್ನು ಅಗಿದರೆ ಅದು ನಿಧಾನವಾಗಿ ಬಿಡುವುದಿಲ್ಲ. ಇಡೀ ದಿನಕ್ಕೆ ಅಂತ ಕಟ್ಟಿಟ್ಟ ಬುತ್ತಿ ಒಂದೇ ಸಲಕ್ಕೆ ಬಿಚ್ಚಿದ ಹಾಗೆ. 30 ಮಿಲಿಗ್ರಾಂ ಬೆಳಿಗ್ಗೆಯೇ ರಕ್ತಕ್ಕೆ ಸೇರುತ್ತಿತ್ತು. ಅದಕ್ಕೇ ಬೆಳಿಗ್ಗೆ ಎದೆ ಹೊಡೆತ, ಮಧ್ಯಾಹ್ನಕ್ಕೇ ಖಾಲಿ.

ಇನ್ನೊಂದು ಟೀ. ಮಂಡಿಯಲ್ಲಿ ಟೀ ಲೆಕ್ಕ ಇಡುವವರಿಲ್ಲ. ಟೀ ಹುಡುಗ ಬರುತ್ತಾನೆ, ಗ್ಲಾಸು ಇಟ್ಟು ಹೋಗುತ್ತಾನೆ. ರೈತರು ಬಂದರೆ ಒಂದು, ಲಾರಿ ಡ್ರೈವರ್ ಬಂದರೆ ಒಂದು. ಎಷ್ಟು ಅಂತ ಕೇಳಿದರೆ ದಿನಕ್ಕೆ ಒಂಬತ್ತು ಅಂದರು. ಚಿಕ್ಕ ಗ್ಲಾಸೇ, ಆದರೂ ಒಂಬತ್ತು. ಬಾಯಿ ಒಣಗುತ್ತದೆ ಅಂತ ಕುಡಿಯೋದು, ಕುಡಿದರೆ ಕೆಫೀನ್ ಸೇರಿ ಬಡಿತ ಇನ್ನೂ ಜೋರು, ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ತೂಕಡಿಕೆಗೆ ಮತ್ತೆ ಟೀ. ಮಾತ್ರೆಯ ಅಡ್ಡಪರಿಣಾಮ ಅಂತ ನಾನು ಬರೆದುಕೊಂಡಿದ್ದ ನಿದ್ದೆಯ ತೊಂದರೆಯಲ್ಲಿ ಟೀದು ಎಷ್ಟು ಪಾಲೋ.

ಮೂರನೆಯದು ನೆಗಡಿ ಮಾತ್ರೆ. ಆ ವಾರ ಇವರಿಗೆ ಶೀತ ಇತ್ತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಗೊಂಡಿದ್ದರು. ನೆಗಡಿಗೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೂಗು ಕಟ್ಟಿದ್ದು ಬಿಡಿಸಲು ಫಿನೈಲ್‌ಎಫ್ರಿನ್ ಇರುತ್ತದೆ. ರಕ್ತನಾಳ ಬಿಗಿ ಮಾಡಿ ಅದು ಕೆಲಸ ಮಾಡುವುದು. ಬಿಪಿ ಏರಿಸುವ ಔಷಧಿಯ ಜೊತೆ ಅದೂ ಸೇರಿತ್ತು. ಸ್ಟ್ರಿಪ್ ತರಿಸಿ ಹಿಂದಿನ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು.

ಮೀಥೈಲ್‌ಫೆನಿಡೇಟಿಗೂ ಬಿಪಿಗೂ ಹುಟ್ಟಿನಿಂದಲೇ ನಂಟು ಅನ್ನಬೇಕು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯಲ್ಲಿ ಇದನ್ನು ಮೊದಲು ತಯಾರಿಸಿದ ಲಿಯಾಂಡ್ರೊ ಪಾನಿಜಾನ್ ಹೆಂಡತಿಗೆ ಲೋ ಬಿಪಿ. ಟೆನಿಸ್ ಆಡುವ ಮುಂಚೆ ಅವರು ಇದನ್ನು ತಗೊಳ್ಳುತ್ತಿದ್ದರಂತೆ. ಅವರ ಮುದ್ದಿನ ಹೆಸರು ರೀಟಾ. ಅದರಿಂದಲೇ ಈ ಔಷಧಿಗೆ ರಿಟಾಲಿನ್ ಅನ್ನುವ ಬ್ರ್ಯಾಂಡ್ ಹೆಸರು ಬಂತು. ಸಾಮಾನ್ಯವಾಗಿ ಏರುವುದು ಸ್ವಲ್ಪವೇ, ಸರಾಸರಿ ಪಲ್ಸ್ ಮೂರರಿಂದ ಆರು, ಬಿಪಿ ಎರಡರಿಂದ ನಾಲ್ಕು. ಆದರೆ ಅದು ಸರಾಸರಿ. ಅಗಿದ ಮಾತ್ರೆಗೆ, ಒಂಬತ್ತು ಟೀಗೆ, ನೆಗಡಿ ಮಾತ್ರೆಗೆ ಆ ಸರಾಸರಿ ಅನ್ವಯಿಸುವುದಿಲ್ಲ.

ತೀರ್ಮಾನ ಹೇಗಾಯಿತು

ಮುಂದೆ ಎರಡು ದಾರಿ ಇತ್ತು. ಒಂದು, ಉತ್ತೇಜಕ ಬಿಟ್ಟು ಅಟೊಮೊಕ್ಸೆಟಿನ್‌ಗೆ ಹೋಗುವುದು. ಅದು ಉತ್ತೇಜಕವಲ್ಲ, ಆದರೆ ಫಲ ಕಾಣಲು ಕೆಲವು ವಾರ ಬೇಕು, ಪಲ್ಸ್ ಮತ್ತು ಬಿಪಿಯನ್ನು ಅದೂ ಸ್ವಲ್ಪ ಏರಿಸಬಹುದು. ಇನ್ನೊಂದು, ಇದೇ ಔಷಧಿಯನ್ನು ಕಡಿಮೆ ಡೋಸಿನಲ್ಲಿ, ಸರಿಯಾದ ರೀತಿಯಲ್ಲಿ ತಗೊಂಡು ನೋಡುವುದು. ಡಾಕ್ಟರು ಎರಡನ್ನೂ ಗಿರೀಶ್ ಮುಂದೆ ಇಟ್ಟರು. ಅದಕ್ಕೆ ಮುಂಚೆ ಒಂದು ಮಾತು ಹೇಳಿದರು: "ಎದೆ ಹೊಡ್ಕೊಂಡ್ರೆ ಹೇಳಿ. ಹೇಳಿದ ತಕ್ಷಣ ಮಾತ್ರೆ ಪೂರ್ತಿ ಕಿತ್ಕೊಳ್ಳಲ್ಲ. ಕಾರಣ ಹುಡುಕ್ತೀನಿ." ಈ ಮಾತನ್ನು ನವೆಂಬರಿನಲ್ಲೇ ನಾವು ಹೇಳಬೇಕಿತ್ತು.

ಎರಡನೇ ದಾರಿ ಹಿಡಿದರು. ಐದು ದಿನ ಮಾತ್ರೆ ಇಲ್ಲದೆ, ಟೀ ಎರಡಕ್ಕೆ ಇಳಿಸಿ, ಮಿಷಿನ್‌ನಲ್ಲಿ ಹನ್ನೊಂದು ಗಂಟೆಗೆ ನೋಡಿದಾಗ ಪಲ್ಸ್ 74. ಟೀ ಬಿಟ್ಟ ಮೊದಲ ಎರಡು ದಿನ ತಲೆನೋವು ಅಂತ ಮಲಗಿದ್ದರು. ಆ ಐದು ದಿನ ಪಟ್ಟಿ ಬರೆಯಲು ಸಾಹುಕಾರರ ಅಳಿಯ ಕೂತರು. ಗಿರೀಶ್ ಸಾಹುಕಾರರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬಿಪಿ ಅಂತ ಹೇಳಿರಬೇಕು. ಬಿಪಿ ಅಂದರೆ ನಮ್ಮಲ್ಲಿ ಯಾರೂ ತಪ್ಪು ತಿಳಿಯಲ್ಲ.

ಆಮೇಲೆ 10 ಮಿಲಿಗ್ರಾಂ ಸಾದಾ ಮಾತ್ರೆ, ಮುದ್ದೆ ಉಂಡ ಮೇಲೆ ಆರೂಮುಕ್ಕಾಲಿಗೆ ಒಂದು, ಹನ್ನೊಂದೂವರೆಗೆ ಒಂದು. ಸಾದಾ ಮಾತ್ರೆ ಬೇಗ ಹಿಡಿಯುತ್ತದೆ, ಅಗಿಯುವ ಆಸೆಗೇ ಜಾಗ ಇಲ್ಲ. ಎರಡನೆಯದನ್ನು ಮರೆಯುವ ಹಳೇ ಸಮಸ್ಯೆಗೆ ಅಮ್ಮ ದಾರಿ ತೋರಿಸಿದರು. ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೊಳೆದು ಕೊಟ್ಟರು. ಅದರಲ್ಲಿ ದಿನಕ್ಕೆ ಒಂದೇ ಮಾತ್ರೆ. ಶರಟಿನ ಜೇಬಿನಲ್ಲಿ ಪೆನ್ನಿನ ಜೊತೆ ಇರುತ್ತದೆ. ಪ್ರತಿ ಪಟ್ಟಿಗೂ ಪೆನ್ನಿಗೆ ಕೈ ಹಾಕುವವರಿಗೆ ಡಬ್ಬಿ ತಗಲುತ್ತಲೇ ಇರುತ್ತದೆ. ಫೋನಿನ ಅಲಾರಂ ಮಾಡದ ಕೆಲಸ ಅದು ಮಾಡಿತು.

ಪಲ್ಸ್ ನೋಡುವ ಹೊತ್ತೂ ಬದಲಾಯಿತು. ವಾರಕ್ಕೆ ಎರಡು ದಿನ, ಮೊದಲ ಮಾತ್ರೆ ಆಗಿ ಒಂದೂವರೆ ಗಂಟೆಗೆ, ಐದು ನಿಮಿಷ ಸುಮ್ಮನೆ ಕೂತು. ಮೊದಲ ತಿಂಗಳ ಅಂಕಿ 84ರಿಂದ 90ರ ನಡುವೆ. ಬಿಪಿ ಮೇಲಿನದು 130 ದಾಟಲಿಲ್ಲ.

ಉಳಿದುಕೊಂಡದ್ದು

ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನದ ಹಸಿವು ವಾಪಸ್ ಬರಲೇ ಇಲ್ಲ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಜೊತೆಗಿರುತ್ತದೆ. ಎರಡು ಹಲ್ಲಿಗೆ ಹುಳುಕು ಕಾಣಿಸಿ ದಂತವೈದ್ಯರ ಹತ್ತಿರ ಹೋಗಬೇಕಾಯಿತು. ಬಾಯಿ ಒಣಗುವವರಿಗೆ ಹುಳುಕು ಬೇಗ ಬರುತ್ತದೆ, ಜೇಬಿನ ಮಿಠಾಯಿಯೂ ಕೈ ಜೋಡಿಸಿರಬೇಕು. ಮಿಠಾಯಿ ಬದಲು ಈಗ ಹುರಿದ ಕಡಲೆಕಾಯಿ.

ಹೆಂಡತಿ ಹೇಳಿದ ಒಂದು ದೂರನ್ನು ನಾನು ಮೊದಲು ಹಗುರವಾಗಿ ತಗೊಂಡಿದ್ದೆ. "ಲೆಕ್ಕ ಸರಿ ಇರುತ್ತೆ ಮೇಡಂ, ಮನುಷ್ಯನೇ ಇರಲ್ಲ." ಗಿರೀಶ್ ಯಾರ್ಡಿನಲ್ಲಿ ತಮಾಷೆಗೆ ಹೆಸರಾದವರು. ಹಮಾಲರಿಗೆಲ್ಲ ತೆಲುಗಿನಲ್ಲಿ ಒಂದೊಂದು ಅಡ್ಡಹೆಸರು ಇಟ್ಟಿದ್ದರು. 30ರ ಡೋಸಿನಲ್ಲಿ ಅದೆಲ್ಲ ನಿಂತುಹೋಗಿತ್ತು, ಮಾತಾಡಿಸಿದರೆ ಎಷ್ಟು ಬೇಕೋ ಅಷ್ಟು. ಹೀಗೆ ಭಾವನೆ ಮರಗಟ್ಟಿದಂತಾಗುವುದು ಡೋಸು ಜಾಸ್ತಿ ಆಗಿದೆ ಅನ್ನುವುದರ ಗುರುತೂ ಆಗಿರಬಹುದು. ಆಗಲೇ ಕಿವಿಗೊಟ್ಟಿದ್ದರೆ ಮಿಷಿನ್ ನಮಗೆ ಹೇಳಬೇಕಾಗಿರಲಿಲ್ಲ. ಈಗಿನ ಡೋಸಿನಲ್ಲಿ ತಮಾಷೆ ಮುಕ್ಕಾಲುಪಾಲು ವಾಪಸ್ ಬಂದಿದೆ ಅಂತ ಹೆಂಡತಿಯ ಲೆಕ್ಕ.

ಮಾತ್ರೆ ಸಿಗುವುದೂ ಒಂದು ಕೆಲಸ. ಇದು ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಎಲ್ಲಾ ಅಂಗಡಿಯವರೂ ಇದನ್ನು ಇಡುವುದಿಲ್ಲ. ಒಮ್ಮೆ ಎರಡು ದಿನ ಮಾತ್ರೆ ಇಲ್ಲದೆ ಗಿರೀಶ್ ಬೆಂಗಳೂರಿನ ಬಸ್ಸು ಹತ್ತಿದರು. ಈಗ ಹತ್ತು ಮಾತ್ರೆ ಉಳಿದಾಗಲೇ ನನಗೆ ಫೋನ್ ಬರುತ್ತದೆ, ಹೆಂಡತಿಯಿಂದ.

ನಮ್ಮ ಕ್ಲಿನಿಕ್ಕಿನಲ್ಲಿ ಈ ಪ್ರಕರಣದ ಮೇಲೆ ಕೆಲವು ಬದಲಾವಣೆ ಆಗಿವೆ. ಬಿಪಿ ಬರೆಯುವ ಕಡೆ "ಮಾತ್ರೆ ತಗೊಂಡು ಎಷ್ಟು ಗಂಟೆ ಆಯಿತು" ಅಂತ ಒಂದು ಖಾನೆ ಸೇರಿದೆ. ಸಂಜೆ ಬರುವವರಿಗೆ ಮನೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ಹಗಲು ನೋಡಿಸಿಕೊಂಡು ಬರಲು ಹೇಳುತ್ತೇವೆ. ಮಾತ್ರೆ ಹೇಗೆ ನುಂಗುತ್ತೀರಿ ಅಂತ ಮಾಡಿ ತೋರಿಸಲು ಕೇಳುತ್ತೇವೆ. "ಬೇರೆ ಏನಾದ್ರೂ ಇದೆಯಾ" ಅನ್ನುವ ಪ್ರಶ್ನೆ ಬಿಟ್ಟಿದ್ದೇನೆ, ಅದಕ್ಕೆ ಉತ್ತರ ಯಾವಾಗಲೂ ಇಲ್ಲ ಅಂತಾನೇ. ಬದಲಿಗೆ "ಏನು ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಅಂತ ಭಯ ಇದೆ?" ಅಂತ ಕೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ.

ಇದನ್ನು ಬರೆದು ಮುಗಿಸಿ ಗಿರೀಶ್‌ಗೆ ಓದಲು ಕೊಟ್ಟೆ. ಒಂದೇ ತಿದ್ದುಪಡಿ ಹೇಳಿದರು.

"ಟೀ ಒಂಬತ್ತಲ್ಲ ಮೇಡಂ, ಹನ್ನೊಂದು."

"ಅವತ್ತು ಒಂಬತ್ತು ಅಂದ್ರಲ್ಲ?"

"ಒಂಬತ್ತು ಅಂದಾಗ್ಲೇ ನೀವು ಹಂಗೆ ಮುಖ ಮಾಡಿದ್ರಿ."